ಅರಸನ ಬೆಳ್ಳಿಕಾಸೂ ಸೇವಕನ ಕೈಪಾವಡವೂ



ಆಂಗ್ಲ ದೇಶದಲ್ಲಿ ಚಳಿಗಾಲವು ಕಳೆದು ವಸಂತವು ಬರುವಾಗ ಬಯಲುಗಳಲ್ಲಿಯೂ ಬೇಲಿಗಳ ಬುಡದಲ್ಲಿಯೂ ಹಳದಿ ಹೂಗಳು ಅರಳುವವು. ಪುನರುತ್ಥಾನದ ಹಬ್ಬವೂ ಅದೇ ಋತುವಿನಲ್ಲಿ ಬರುವದರಿಂದ, ಆ ಜನರ ವಸಂತಕಾಲದ ಆಚಾರಗಳಲ್ಲಿ ಅನೇಕವು ಈ ಹಬ್ಬದ ಸುತ್ತಲೇ ಬೆಳೆದು ಬಂದಿವೆ. ಅವುಗಳಲ್ಲಿ ಬಹು ಪುರಾತನವಾದ ಒಂದನ್ನು ಈ ಪಾಠದಲ್ಲಿ ವಿಚಾರಿಸೋಣ. ಅದು ಅರಸನು ಬೆಳ್ಳಿಯ ಕಾಸುಗಳನ್ನು ಹಂಚುವ ಆಚಾರವೇ.

ಶುಭ ಶುಕ್ರವಾರದ ಹಿಂದಿನ ದಿನಕ್ಕೆ ಆಂಗ್ಲರು ಮಾಂಡಿ ಗುರುವಾರವೆಂದು ಹೆಸರಿಟ್ಟಿದ್ದಾರೆ. ಈ ಹೆಸರು ಆಜ್ಞೆ ಎಂಬರ್ಥವುಳ್ಳ ಲತೀನ್ ಮಾತಿನಿಂದ ಹುಟ್ಟಿತು. ಕರ್ತನು ಆ ರಾತ್ರಿ ನಡುವಿಗೆ ಕೈಪಾವಡವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದು, ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಹೊಸ ಆಜ್ಞೆಯನ್ನು ಕೊಟ್ಟ ಸಂಗತಿಯನ್ನು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಓದುತ್ತೇವೆ. ನಮ್ಮ ಹಳ್ಳಿಗಳಲ್ಲಿಯೂ ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವ ವಾಡಿಕೆಯುಂಟು. ಆದರೆ ನೀರನ್ನು ಕೊಡುವದು ಬೇರೆ, ತಾನೇ ಬೊಗ್ಗಿ ತೊಳೆಯುವದು ಬೇರೆ.

ಆ ದೇಶದ ಅರಸರು ಈ ದಿನದಲ್ಲಿ ಬಡವರಿಗೆ ದಾನಮಾಡುವದು ಬಹು ಕಾಲದಿಂದ ನಡೆದು ಬಂದಿದೆ. 1210ರಲ್ಲಿ ಜಾನ್ ಅರಸನು ಯಾರ್ಕ್‌ಷೈರ್ ಸೀಮೆಯಲ್ಲಿ ಬಡವರಿಗೆ ವಸ್ತ್ರಗಳನ್ನೂ ಆಹಾರವನ್ನೂ ಕೊಟ್ಟನೆಂದು ಬರಹವಿದೆ. 1213ರಲ್ಲಿ ಅವನೇ ರಾಚೆಸ್ಟರ್ ಪಟ್ಟಣದಲ್ಲಿ 13 ಮಂದಿ ಬಡವರಿಗೆ ಹದಿಮೂರು ಹದಿಮೂರು ಪೆನ್ನಿ ಹಂಚಿದನು. ಮುಂದೆ ನಾಲ್ಕನೆಯ ಹೆನ್ರಿಯ ಆಳಿಕೆಯಿಂದ (1399–1413), ಅರಸನಿಗೆ ಎಷ್ಟು ವಯಸ್ಸೋ ಅಷ್ಟು ಮಂದಿಗೆ ಕೊಡುವ ಪದ್ಧತಿಯಾಯಿತು. ದಾನದ ಸಂಗಡ ಬಡವರ ಕಾಲು ತೊಳೆಯುವದೂ ಇತ್ತು.

ಇಲ್ಲಿ ಒಂದು ಸಂಗತಿಯನ್ನು ಗಂಭೀರವಾಗಿ ಆಲೋಚಿಸತಕ್ಕದ್ದು. 1556ನೆಯ ವರ್ಷದ ಈ ಗುರುವಾರದಲ್ಲಿ ಮೇರಿ ರಾಣಿಯು ಗ್ರೀನಿಚ್ ಅರಮನೆಯಲ್ಲಿ 41 ಮಂದಿ ಬಡ ಹೆಂಗಸರ ಮುಂದೆ ಮೊಣಕಾಲೂರಿ, ಒಬ್ಬೊಬ್ಬಳ ಬಲಗಾಲನ್ನು ತೊಳೆದು, ಒರಸಿ, ಮುದ್ದಿಟ್ಟಳು. ಕಣ್ಣಾರೆ ಕಂಡ ಇಟಲಿಯವನೊಬ್ಬನು ಇದನ್ನು ಬರೆದಿಟ್ಟಿದ್ದಾನೆ. ಅದು ಎಪ್ರಿಲ್ 2ನೆಯ ತಾರೀಖು. ಅದಕ್ಕೆ ಹನ್ನೆರಡು ದಿನ ಮುಂಚೆ, ಮಾರ್ಚ್ 21ರಲ್ಲಿ, ಕ್ಯಾಂಟರ್ಬರಿಯ ಆರ್ಚ್‌ಬಿಷಪನಾಗಿದ್ದ ಕ್ರಾನ್ಮರನನ್ನು ಅದೇ ರಾಣಿಯ ಆಳಿಕೆಯಲ್ಲಿ ಆಕ್ಸ್‌ಫರ್ಡಿನಲ್ಲಿ ಸಜೀವವಾಗಿ ಸುಟ್ಟಿದ್ದರು. 1555ರಿಂದ 1558ರ ವರೆಗೆ ಸುಮಾರು 280 ಮಂದಿ ಪ್ರೊಟೆಸ್ಟೆಂಟರು ಹೀಗೆ ಬೆಂಕಿಗೆ ಗುರಿಯಾದರು. ರಾಣಿಯು ಕಪಟದಿಂದ ಮೊಣಕಾಲೂರಿದಳೆಂದು ನಾವು ತೀರ್ಪು ಹೇಳಲಾರೆವು. ಹೃದಯವನ್ನು ಬಲ್ಲವನು ದೇವರೊಬ್ಬನೇ. ಆದರೂ ಕಾಲು ತೊಳೆಯುವ ಕೈಯೇ ನೆರೆಯವನನ್ನು ಕೊಲ್ಲುವದಕ್ಕೆ ಅಪ್ಪಣೆ ಕೊಡಬಹುದೆಂಬದು ಇದರಿಂದ ತಿಳಿದು ಬರುತ್ತದೆ.

ಕಾಲು ತೊಳೆಯುವದು 18ನೆಯ ಶತಮಾನದಲ್ಲಿ ನಿಂತುಹೋಯಿತು. ಅರಸರು ತಾವೇ ಬರುವದನ್ನು ಸಹ ಬಿಟ್ಟು ಅಧಿಕಾರಿಗಳ ಮೂಲಕ ಹಂಚಿಸುತ್ತಿದ್ದರು. 1932ರಲ್ಲಿ ಐದನೆಯ ಜಾರ್ಜ್ ಅರಸನು ಪುನಃ ತಾನೇ ಬಂದು ತನ್ನ ಕೈಯಿಂದ ಕೊಟ್ಟನು. 2025ರಲ್ಲಿ ಮೂರನೆಯ ಚಾರ್ಲ್ಸ್ ಅರಸನು ಡರ್ಹಮ್ ಪಟ್ಟಣದ ದೇವಾಲಯದಲ್ಲಿ, ತನ್ನ ವಯಸ್ಸಿನ ಲೆಕ್ಕದಂತೆ, 76 ಮಂದಿ ಗಂಡಸರಿಗೂ 76 ಮಂದಿ ಹೆಂಗಸರಿಗೂ ಕಾಸಿನ ಚೀಲಗಳನ್ನು ಕೊಟ್ಟನು. ಈಗ ಅವುಗಳನ್ನು ಹೊಂದುವವರು ಬಡವರೆಂದು ಆರಿಸಲ್ಪಟ್ಟವರಲ್ಲ, ಸಭೆಗೂ ಊರಿಗೂ ಬಹು ವರ್ಷ ಸೇವೆಮಾಡಿದ ವೃದ್ಧರು.

ಆದರೂ ಹಳೆಯ ಗುರುತುಗಳು ಉಳಿದಿವೆ. ದಾನದ ಅಧಿಕಾರಿಗಳು ಇಂದಿಗೂ ನಾರುಮಡಿಯ ಕೈಪಾವಡವನ್ನು ಕಟ್ಟಿಕೊಂಡು ಬರುವರು. ಅರಸನ ಕೈಯಲ್ಲಿ ವಸಂತಕಾಲದ ಹೂಗಳ ಒಂದು ಸಣ್ಣ ಗೊಂಚಲು ಇರುವದು. ದುರ್ವಾಸನೆಯಿಂದ ರೋಗ ತಗಲುವದೆಂದು ಜನರು ಅಂಜುತ್ತಿದ್ದ ಕಾಲದಲ್ಲಿ ಸುವಾಸನೆಯ ಸೊಪ್ಪು ಹೂಗಳನ್ನು ಹಿಡಿಯುವ ವಾಡಿಕೆ ಹುಟ್ಟಿತು. ಯಾರ ಕಾಲುಗಳೂ ತೊಳೆಯಲ್ಪಡುವದಿಲ್ಲ, ಆದರೂ ಕೈಪಾವಡವಿದೆ.

ಇದರಿಂದ ನಾವು ಕಲಿಯುವದೇನು? ಇವು ಆಂಗ್ಲ ಜನರ ಆಚಾರಗಳು. ಕ್ರಿಸ್ತನನ್ನು ನಂಬಿದವರೆಲ್ಲರೂ ಇವುಗಳನ್ನು ಕೈಕೊಳ್ಳಬೇಕೆಂಬ ವಿಧಿಯಿಲ್ಲ. ಇವುಗಳನ್ನು ಹಾಸ್ಯಮಾಡುವದೂ ಸರಿಯಲ್ಲ. ಗುರುತು ಒಳ್ಳೇದು, ಮರೆತ ಮಾತನ್ನು ನೆನಪಿಗೆ ತರುವದು. ಆದರೆ ಗುರುತನ್ನು ಕಾಪಾಡಿಕೊಂಡು ಆಜ್ಞೆಯನ್ನು ಬಿಟ್ಟುಬಿಟ್ಟರೆ ಪ್ರಯೋಜನವೇನು? ಅರಸರ ಮನೆಯಲ್ಲಿ ಸಂಭವಿಸಿದ್ದು ನಮ್ಮ ಗುಡಿಸಲಲ್ಲಿಯೂ ಸಂಭವಿಸಬಹುದು. ಕರ್ತನ ಮೇಜಿನ ಹತ್ತಿರ ಒಟ್ಟಾಗಿ ಮೊಣಕಾಲೂರಿದ ಇಬ್ಬರು ಸಹೋದರರು ಹೊಲದ ಬದುವಿಗಾಗಿ ವರ್ಷವಿಡೀ ಮಾತು ಬಿಟ್ಟಿದ್ದರೆ, ಅವರ ಕೈಪಾವಡವೂ ಒಣಗಿಯೇ ಇದೆ.

ಮನೆಯವರು ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು:

1. ಮಾಂಡಿ ಎಂಬ ಹೆಸರು ಯಾವ ಆಜ್ಞೆಯನ್ನು ನೆನಪಿಗೆ ತರುತ್ತದೆ?
2. 1556ರ ಎರಡು ಸಂಗತಿಗಳನ್ನು ಒಟ್ಟಿಗೆ ಓದುವಾಗ ನಮಗೆ ಏನು ತಿಳಿಯುತ್ತದೆ?
3. ಈ ವಾರದಲ್ಲಿ ನಾವು ಯಾರ ಮುಂದೆ ಬೊಗ್ಗಬೇಕಾಗಿದೆ?