ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ನಿಂಬೆ ಬೆಳೆಗಾರ. ಪಿಯುಸಿ ಮುಗಿಸಿದ ಮಗಳು ಚಿತ್ರಕಲಾ ಕಾಲೇಜಿಗೇ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅದು ದುಡ್ಡು ದಂಡದ ಓದು ಎನ್ನುತ್ತಾರೆ ನೆಂಟರು. ಏನು ಮಾಡಲಿ?

ಉತ್ತರ: ಧೈರ್ಯವಾಗಿ ಸೇರಿಸಿ, ಕಾಲೇಜನ್ನು ಮಾತ್ರ ನೋಡಿ ಆರಿಸಿ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಸರ್ಕಾರದ್ದು; ದಾವಣಗೆರೆಯದು ವಿಶ್ವವಿದ್ಯಾಲಯದ್ದು. ಮೊದಲು ಇವೆರಡರ ಶುಲ್ಕ ವಿಚಾರಿಸಿ. ಅಲ್ಲಿ ಓದುವ ದೃಶ್ಯಕಲಾ ಪದವಿ (ಬಿವಿಎ) 4 ವರ್ಷದ್ದು. ಮುಂದೆ ಅನಿಮೇಷನ್, ಜಾಹೀರಾತು, ಪುಸ್ತಕ ವಿನ್ಯಾಸದಲ್ಲಿ ಕೆಲಸವಿದೆ. ಯಾವುದೇ ಪದವಿ ಸಾಕೆನ್ನುವ ಸರ್ಕಾರಿ ಹುದ್ದೆಗಳಿಗೂ ಅರ್ಜಿ ಹಾಕಬಹುದು.

ಈಗಲೇ ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ. ಸೇರಿದ ಮೇಲೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಿ. ಹಾಸ್ಟೆಲ್‌ಗೆ ಬೇರೆ ಅರ್ಜಿ. ಪ್ರವೇಶ ಪರೀಕ್ಷೆಗೆ ಮಗಳು ದಿನಾಲೂ ಪೆನ್ಸಿಲ್‌ನಲ್ಲಿ ವಸ್ತುಚಿತ್ರ ಬರೆಯಲಿ. ಖಾಸಗಿ ಕಾಲೇಜಾದರೆ ಹಣ ಕಟ್ಟುವ ಮೊದಲೇ ಅದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬ ಸಂಯೋಜನೆಯ ಪತ್ರ ಕೇಳಿ; ಸಂಶಯವಿದ್ದರೆ ಆ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಲ್ಲೇ ಖಾತ್ರಿ ಮಾಡಿಕೊಳ್ಳಿ. ಸಾಲ ಬೇಕಾದರೆ ಬ್ಯಾಂಕ್ ವ್ಯವಸ್ಥಾಪಕರನ್ನು ಕಾಣಿ, ಬಡ್ಡಿಗೆ ಕೈಗಡ ತರಬೇಡಿ.