ಒಣಗಿದ ಅರ್ತ್ ಗುಂಡಿಯೂ ಮೂವತ್ತು ಮಿಲಿ ಆಂಪಿಯರ್ ಪೆಟ್ಟಿಗೆಯೂ

ನಾನು ಮಾಲೂರು ತಾಲ್ಲೂಕಿನ ಮಳೆ ನಂಬಿದ ರೈತ. ರಾಗಿ, ಅವರೆ, ಹುರುಳಿ ಬೆಳೆಯುತ್ತೇನೆ. ಓದಿದ್ದು ಏಳನೇ ಕ್ಲಾಸು. ಕರೆಂಟಿನ ವಿಷಯ ಇವನಿಗ್ಯಾಕೆ ಅನ್ನಬೇಡಿ, ಕಾರಣ ಇದೆ.

ಮಗಳ ಮನೆ ಬೆಂಗಳೂರಿನ ಕಗ್ಗದಾಸಪುರದಲ್ಲಿದೆ. ಬೀಗರ ಕಾಲದ ಹಳೇ ಮನೆ. ಕಳೆದ ಯುಗಾದಿಗೆ ರಾಗಿ ಹಿಟ್ಟು ಹೊತ್ತುಕೊಂಡು ಹೋಗಿದ್ದೆ. ಮಾರನೇ ಬೆಳಿಗ್ಗೆ ಮೊಮ್ಮಗಳು ಬಚ್ಚಲಲ್ಲಿ ನಲ್ಲಿ ಮುಟ್ಟಿ ಚಿಟ್ಟನೆ ಚೀರಿದಳು. ಮಗಳು ಓಡಿಹೋಗಿ ಗೀಸರ್ ಆರಿಸಿದಳು. "ಒಂದು ತಿಂಗಳಿಂದ ಜುಂ ಅಂತಿತ್ತು ಅಪ್ಪಾ, ತೇವಕ್ಕೆ ಅಂದ್ಕೊಂಡಿದ್ವಿ" ಅಂದಳು. ಮಗು ಉಳಿಯಿತು, ದೊಡ್ಡದು.

ರಿಪೇರಿಗೆ ಬಂದವನು ಐಟಿಐ ಓದಿದ ಹುಡುಗ. ಗೀಸರಿನ ಕಾಯಿಲ್ ಹಾಳಾಗಿ ಕರೆಂಟು ಮೈಗೆ ಇಳಿದಿತ್ತು. ಗೀಸರಿನ ಅರ್ತ್ ತಂತಿಯನ್ನು ಹಿಂದಿನವರು ಕಬ್ಬಿಣದ ನೀರಿನ ಪೈಪಿಗೆ ಸುತ್ತಿದ್ದರು. ಆಮೇಲೆ ಸಂಪಿನ ಕಡೆಯ ಪೈಪು ತುಕ್ಕು ಹಿಡಿಯಿತೆಂದು ಪ್ಲಾಸ್ಟಿಕ್ ಹಾಕಿಸಿದರು. ಗೋಡೆಯೊಳಗೆ ಉಳಿದ ಕಬ್ಬಿಣದ ತುಂಡಿಗೂ ಭೂಮಿಗೂ ನಂಟು ತಪ್ಪಿತು. ಭೂಮಿಗೆ ಇಳಿಯಬೇಕಾದ ಕರೆಂಟು ನಲ್ಲಿಯಲ್ಲೇ ಕಾದು ಕೂತಿತ್ತು.

"ಹಿತ್ತಲಲ್ಲಿ ಅರ್ತ್ ಗುಂಡಿ ಇದೆಯಲ್ಲಪ್ಪಾ, ಮನೆ ಕಟ್ಟುವಾಗ ತೆಗೆಸಿದ್ದು" ಅಂದೆ. ಮೀಟರ್ ಇಟ್ಟು ನೋಡಿದ. 20 ಓಮ್ ತಡೆ ತೋರಿಸಿತು. ಒಣ ಮಣ್ಣು ಕರೆಂಟು ಒಯ್ಯುವುದಿಲ್ಲ, ತೇವ ಇದ್ದರೆ ಒಯ್ಯುತ್ತದೆ. ಹೊಲ ಉಳುವ ನಮಗೆ ಇದನ್ನು ಹೇಳಿಕೊಡಬೇಕಿಲ್ಲ. ನನಗೆ ಹೊಸದಾಗಿದ್ದು ಅವನ ಲೆಕ್ಕ. 230 ವೋಲ್ಟನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. ಗೀಸರಿನ ಎಂಸಿಬಿ 16 ಆಂಪಿಯರಿನದು. ಅದು ಬೀಳುವುದೇ ಇಲ್ಲ! ಗುಂಡಿ ಇದ್ದೂ ಗೀಸರಿನ ಮೈ ಜೀವಂತವಾಗಿಯೇ ಇರುತ್ತದೆ. ಗುಂಡಿ ತೆಗೆದಾಯಿತು, ನಿಶ್ಚಿಂತೆ ಎಂದು ನಾವೆಲ್ಲ ನಂಬಿರುವುದು ಅರ್ಧ ಸತ್ಯ.

ಉಳಿದ ಅರ್ಧಕ್ಕೆ ಆರ್‌ಸಿಸಿಬಿ ಎಂಬ ಪೆಟ್ಟಿಗೆ ಬೇಕು. ಮನೆಯೊಳಗೆ ಹೋಗುವ ಫೇಸ್, ವಾಪಸ್ ಬರುವ ನ್ಯೂಟ್ರಲ್ ಎರಡೂ ಅದರೊಳಗಿನ ಒಂದು ಬಳೆಯ ಮೂಲಕ ಹಾಯುತ್ತವೆ. ಹೋದಷ್ಟೇ ಬಂದರೆ ಸುಮ್ಮನಿರುತ್ತದೆ. ನಡುವೆ ಎಲ್ಲೋ ಸೋರಿ ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟಿದರೆ 0.3 ಸೆಕೆಂಡಿನೊಳಗೆ ಲೈನು ಕಡಿಯುತ್ತದೆ. 60 ವ್ಯಾಟಿನ ಹಳೇ ಬಲ್ಬು ಎಳೆಯುವ ಕರೆಂಟಿನ ಎಂಟನೇ ಒಂದು ಪಾಲೂ ಆಗದು ಅದು. ಹೀಗಾಗಿ 20 ಓಮಿನ ಗುಂಡಿಯೂ ಇದಕ್ಕೆ ಸಾಕು. ಮನೆಗಳಿಗೆ ಈ ಮಿತಿ 30 ಮೀರಬಾರದೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮವೇ ಇದೆ.

ಹಾಗಂತ ಪೆಟ್ಟಿಗೆಯೊಂದೇ ಸಾಲದು. ಅರ್ತ್ ಇಲ್ಲದಿದ್ದರೆ ಸೋರಿಕೆಗೆ ದಾರಿಯಿಲ್ಲ. ಯಾರಾದರೂ ಮುಟ್ಟಿದಾಗ ಅವರ ಮೈಯೇ ದಾರಿ. ಆಗ ಪೆಟ್ಟಿಗೆ ಬೀಳುತ್ತದೆ, ಆದರೆ ಶಾಕ್ ಹೊಡೆದ ಮೇಲೆ. ಅರ್ತ್ ಸರಿಯಿದ್ದರೆ ಯಾರೂ ಮುಟ್ಟುವ ಮುಂಚೆಯೇ ಬೀಳುತ್ತದೆ.

ಹುಡುಗ ಹಳೇ ಗುಂಡಿಯಿಂದ ಎಲ್ಲ ಸಾಕೆಟ್ಟಿಗೂ ಹಸಿರು ವೈರು ಎಳೆದ. ಬಚ್ಚಲಲ್ಲಿ ಹೊಸ ಗೀಸರಿನ ಮೈ, ಕಬ್ಬಿಣದ ಪೈಪು, ನಲ್ಲಿ ಇವನ್ನೂ ಅದೇ ವೈರಿನಿಂದ ಒಂದಕ್ಕೊಂದು ಬೆಸೆದ. ಇದಕ್ಕೆ ಬಾಂಡಿಂಗ್ ಅನ್ನುತ್ತಾರಂತೆ. ಎರಡು ಕುಂಟೆಯ ನೀರಿನ ಮಟ್ಟ ಒಂದೇ ಇದ್ದರೆ ಕಾಲುವೆ ತೋಡಿದರೂ ನೀರು ಹರಿಯದು. ಹಾಗೇ ಒಂದು ಕೈ ಗೀಸರ್ ಮೇಲೆ, ಇನ್ನೊಂದು ನಲ್ಲಿ ಮೇಲಿದ್ದರೂ ನಡುವೆ ಕರೆಂಟು ಹರಿಯಲು ಕಾರಣವಿರುವುದಿಲ್ಲ.

ಆಮೇಲೆ ಆರ್‌ಸಿಸಿಬಿ ಹಾಕಿದ. ಬಟ್ಟೆ ಒಗೆಯುವ ಮಿಷನ್ ಹಾಕಿದೊಡನೆ ಟಪ್ ಎಂದು ಬಿತ್ತು. ಮೂರು ಸಲ ಬಿತ್ತು. "ಪೆಟ್ಟಿಗೆಯೇ ಕೆಟ್ಟಿದೆ, ತೆಗೆದುಹಾಕು" ಅಂದರು ಅಳಿಯಂದಿರು. ಸುಮಾರು ಮನೆಗಳಲ್ಲಿ ಹೀಗೇ ತೆಗೆದು ನೇರ ಕೊಟ್ಟುಬಿಡುತ್ತಾರೆ. ಹುಡುಗ ಬಿಡಲಿಲ್ಲ. ಸಾಕೆಟ್ ಬಿಚ್ಚಿದರೆ ಒಳಗೆ ಒಂದು ಗೇಣೂ ಇಲ್ಲದ ತಂತಿ, ನ್ಯೂಟ್ರಲ್ಲಿನಿಂದ ಅರ್ತ್ ಪಿನ್ನಿಗೆ! ಅರ್ತ್ ಎಳೆಯುವ ಕೆಲಸ ಉಳಿಸಲು ಯಾರೋ ಮಾಡಿದ್ದು. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಮಿಷನ್ನಿನ ತಗಡು ಪೂರಾ ಫೇಸ್ ಆಗುತ್ತದೆ. ಅದನ್ನು ಕತ್ತರಿಸಿದ ಮೇಲೆ ಪೆಟ್ಟಿಗೆ ನಿಂತಿತು.

ಊರಿಗೆ ಬಂದು ನಮ್ಮ ಮನೆಗೂ ಹಾಕಿಸಿದೆ. ಎರಡೂವರೆ ಮೀಟರ್ ಜಿಐ ಪೈಪು, ಇದ್ದಿಲು, ಉಪ್ಪು. ಗುಂಡಿಯನ್ನು ಬಚ್ಚಲ ನೀರು ಹರಿಯುವ ಕಡೆ ತೋಡಿಸಿದೆ, ಶಿವರಾತ್ರಿ ಕಳೆದ ಮೇಲೂ ತೇವ ಇರುತ್ತದೆ. ಪೆಟ್ಟಿಗೆಯ ಟೆಸ್ಟ್ ಗುಂಡಿಯನ್ನು ಪ್ರತಿ ಅಮಾವಾಸ್ಯೆಗೆ ಒತ್ತುತ್ತೇನೆ, ಲೆಕ್ಕ ತಪ್ಪುವುದಿಲ್ಲ. ಒತ್ತಿದಾಗ ಬೀಳದಿದ್ದರೆ ಪೆಟ್ಟಿಗೆ ಬದಲಿಸಬೇಕು. ಆದರೆ ಅದು ಬಿದ್ದ ಮಾತ್ರಕ್ಕೆ ಅರ್ತ್ ಸರಿಯಿದೆ ಎಂದಲ್ಲ, ಅದನ್ನು ಮೀಟರಿನಲ್ಲೇ ನೋಡಿಸಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನೂ ಈ ಪೆಟ್ಟಿಗೆ ಕಾಯಲಾರದು.

ಕುರಿ ಕೊಟ್ಟಿಗೆಯ ಬಲ್ಬಿನ ಲೈನು ಮಾತ್ರ ಇನ್ನೂ ಹಳೇ ಫ್ಯೂಸಿನಲ್ಲೇ ಇದೆ. ರಾಗಿ ಒಕ್ಕಣೆ ಮುಗಿಯಲಿ ಎಂದು ಕಾಯುತ್ತಿದ್ದೇನೆ.