ಮಾರುವ ಮುನ್ನ ಮಾರುಕಟ್ಟೆ ನೋಡಬೇಕು

ಬೆಳೆ ಬೆಳೆಯಲು ರೈತನು ನಾಲ್ಕಾರು ತಿಂಗಳು ಶ್ರಮಿಸುತ್ತಾನೆ. ಅದನ್ನು ಮಾರುವುದು ಮಾತ್ರ ಒಂದೇ ದಿನದ ಕೆಲಸ. ಆ ದಿನ ಮಾಲು ಕಟ್ಟೆಯ ಮೇಲೆ ಸುರಿದಿರುತ್ತದೆ, ಬಾಡಿಗೆ ಗಾಡಿ ಹೊರಗೆ ಕಾಯುತ್ತಿರುತ್ತದೆ, ಕೈಯಲ್ಲಿ ಹಣವಿರುವುದಿಲ್ಲ. ಹೀಗಾಗಿ ಹೇಳಿದ ದರಕ್ಕೆ ಒಪ್ಪಿ ಬರುವವರೇ ಹೆಚ್ಚು. ಚನ್ನಗಿರಿಯ ಅಡಿಕೆ, ಹೊನ್ನಾಳಿ ಮತ್ತು ನ್ಯಾಮತಿಯ ಭತ್ತ, ಜಗಳೂರಿನ ಮೆಕ್ಕೆಜೋಳ ಹಾಗೂ ಈರುಳ್ಳಿ, ಯಾವುದೇ ಆಗಲಿ, ಮಾಲು ತರುವ ಮುನ್ನ ಒಂದು ದಿನ ಬರಿಗೈಯಲ್ಲಿ ಹೋಗಿ ಮಾರುಕಟ್ಟೆಯನ್ನು ನೋಡಿ ಬರುವುದು ಲಾಭದಾಯಕ. ಅಲ್ಲಿನ ಪದ್ಧತಿಗಳು ಹೇಗೆ ಬಂದವೆಂಬುದನ್ನು ತಿಳಿದು ನೋಡಿದರೆ ಪ್ರಯೋಜನ ಇನ್ನೂ ಹೆಚ್ಚು.

ಹಳೆಯ ಪೇಟೆಗಳು

ಈ ಸೀಮೆ ಮಲೆನಾಡಿಗೂ ಬಯಲುನಾಡಿಗೂ ನಡುವೆ ಇದೆ. ನ್ಯಾಮತಿ ಹೊಸ ತಾಲ್ಲೂಕಾದರೂ ವ್ಯಾಪಾರದ ಊರಾಗಿ ಹಳೆಯದು. ಎರಡೂ ಕಡೆಯ ಸರಕು ಅಲ್ಲಿ ಕೈ ಬದಲಾಗುತ್ತಿತ್ತು. ದಾವಣಗೆರೆಯನ್ನು ಹೈದರಾಲಿಯು ಅಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದ್ದರಿಂದ ಪೇಟೆ ಬೆಳೆಯಿತು. ನಗರ, ಸಾಗರಗಳ ಅಡಿಕೆ ಮತ್ತು ಮೆಣಸು ಇಲ್ಲಿಂದ ದೂರದ ವಾಲಾಜಾಪೇಟೆಗೆ ಹೋಗುತ್ತಿದ್ದವು. ಅಲ್ಲಿಂದ ಮದರಾಸಿನ ಸಾಮಾನು ಬರುತ್ತಿತ್ತು.

ಬಟ್ಟೆಯ ಮರೆಯ ದರ

ಅಂದಿನ ಪೇಟೆಗಳಲ್ಲಿ ರೈತನಿಗೆ ರಕ್ಷಣೆ ಇರಲಿಲ್ಲ. ಭಾರತದ ಅನೇಕ ಕಡೆ ದಲಾಲಿ ಮತ್ತು ಖರೀದಿದಾರರು ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ದರ ಗೊತ್ತುಮಾಡುತ್ತಿದ್ದರು. ಎದುರಿಗೇ ನಿಂತಿದ್ದರೂ ಮಾಲಿನ ಒಡೆಯನಿಗೆ ದರ ಕಾಣುತ್ತಿರಲಿಲ್ಲ. ಇದರ ಮೇಲೆ ಸೂಟು, ಸ್ಯಾಂಪಲ್, ಧರ್ಮಾದಾಯ ಎಂಬ ಕಡಿತಗಳು. 1926ರಲ್ಲಿ ನೇಮಕಗೊಂಡ ರಾಯಲ್ ಕೃಷಿ ಆಯೋಗವು 1928ರ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳು ಅಗತ್ಯವೆಂದು ಹೇಳಿತು. ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ಕಾಯಿದೆಯಾಯಿತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ 1966ರ ಕಾಯಿದೆ ಬಂದಿತು. ಬಹಿರಂಗ ಹರಾಜು, ಸರಿಯಾದ ತೂಕ, ಲೆಕ್ಕದ ಚೀಟಿ ಇವು ಈ ಕಾಯಿದೆಗಳ ಫಲ.

ಜಪಾನಿನ ನಿದರ್ಶನ

ಇದೇ ಬಗೆಯ ಸುಧಾರಣೆ ಅದೇ ಕಾಲದಲ್ಲಿ ಜಪಾನಿನಲ್ಲೂ ನಡೆಯಿತು. ಅಲ್ಲಿ 1918ರಲ್ಲಿ ಅಕ್ಕಿಯ ಬೆಲೆ ಏರಿ ಜನರು ದಂಗೆಯೆದ್ದರು. ಆನಂತರ 1923ರಲ್ಲಿ ಕೇಂದ್ರ ಸಗಟು ಮಾರುಕಟ್ಟೆ ಕಾಯಿದೆಯಾಯಿತು. ಅದೇ ವರ್ಷದ ಭೂಕಂಪದಲ್ಲಿ ಟೋಕಿಯೋದ ನಿಹೊನ್‌ಬಾಶಿಯ ಹಳೆಯ ಮೀನು ಪೇಟೆ ನಾಶವಾಯಿತು. ಅದರ ಬದಲು 1935ರಲ್ಲಿ ಸುಕಿಜಿ ಮಾರುಕಟ್ಟೆ ತೆರೆಯಿತು. ಮೀನಿನ ಜೊತೆಗೆ ತರಕಾರಿ, ಹಣ್ಣುಗಳೂ ಅಲ್ಲಿ ಮಾರಾಟವಾಗುತ್ತಿದ್ದವು. 2018ರಲ್ಲಿ ಈ ಸಗಟು ಮಾರುಕಟ್ಟೆ ತೊಯೊಸುಗೆ ಸ್ಥಳಾಂತರವಾಯಿತು. ಸುಕಿಜಿಯ ಹೊರ ಅಂಗಡಿಸಾಲು ಉಳಿದಿದ್ದು, ಅದನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ.

ಅಲ್ಲಿಯೂ ದರವನ್ನು ಬೆರಳ ಸನ್ನೆಯಿಂದಲೇ ಹೇಳುವ ಪದ್ಧತಿ ಇದೆ. ಆದರೆ ಅದು ಬಟ್ಟೆಯ ಅಡಿಯಲ್ಲಲ್ಲ, ಕೈ ಮೇಲೆತ್ತಿ ಎಲ್ಲರೆದುರಿಗೆ. ದೊಡ್ಡ ಮೀನಿನ ಬಾಲವನ್ನು ಮೊದಲೇ ಕತ್ತರಿಸಿ ಇಟ್ಟಿರುತ್ತಾರೆ. ಮಾಂಸದ ಬಣ್ಣ ನೋಡಿಯೇ ಖರೀದಿದಾರರು ಕೂಗುತ್ತಾರೆ. ಗುಣವೂ ಬಹಿರಂಗ, ದರವೂ ಬಹಿರಂಗ. ನಮ್ಮ ರೈತರು ಗ್ರಹಿಸಬೇಕಾದ ಅಂಶ ಇದೇ.

ಮಾರುಕಟ್ಟೆಯಲ್ಲಿ ಏನು ನೋಡಬೇಕು?

1. ದರ್ಜೆ: ಅಡಿಕೆಯ ದರಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ದರಗಳಿರುತ್ತವೆ. ಸಾಮಾನ್ಯವಾಗಿ ಸರಕಿಗೆ ಹೆಚ್ಚು, ಗೊರಬಲಿಗೆ ಕಡಿಮೆ. ದರ್ಜೆ ನಿರ್ಧಾರವಾಗುವುದು ಬಹುಮಟ್ಟಿಗೆ ಕೊಯ್ಲಿನ ಹದದಲ್ಲಿ. ಬೆರಕೆ ಮಾಡಿ ತಂದರೆ ಕೀಳು ಮಾಲಿನ ದರವೇ ಇಡೀ ಚೀಲಕ್ಕೆ ಅಂಟಿಕೊಳ್ಳುತ್ತದೆ. ಈರುಳ್ಳಿಯನ್ನೂ ಗಡ್ಡೆಯ ಗಾತ್ರದಂತೆ ವಿಂಗಡಿಸಿ ತರಬೇಕು. ಚನ್ನಗಿರಿಯಲ್ಲಿ ತುಮ್ಕೋಸ್ ಸಹಕಾರ ಸಂಘವೂ ಅಡಿಕೆ ಮಾರಾಟ ನಡೆಸುತ್ತದೆ. ಅಲ್ಲಿಯ ದರವನ್ನೂ ಹೋಲಿಸಿ ನೋಡಬಹುದು.

2. ತೇವಾಂಶ: ಬೆಂಬಲ ಬೆಲೆಯ ಖರೀದಿಯಲ್ಲಿ ಮೆಕ್ಕೆಜೋಳಕ್ಕೆ ಶೇಕಡ 14, ಭತ್ತಕ್ಕೆ ಶೇಕಡ 17 ತೇವಾಂಶದ ಮಿತಿ ಇದೆ. ಶೇಕಡ 20 ತೇವಾಂಶದ ಒಂದು ಕ್ವಿಂಟಾಲ್ ಮೆಕ್ಕೆಜೋಳದಲ್ಲಿ ಒಣ ಪದಾರ್ಥ 80 ಕಿಲೋ ಮಾತ್ರ. ಅದನ್ನು ಶೇಕಡ 14ಕ್ಕೆ ಒಣಗಿಸಿದಾಗ ತೂಕ ಸುಮಾರು 93 ಕಿಲೋ ಆಗುತ್ತದೆ. ಅಂದರೆ ಒಣಗುವಿಕೆಯ ನಷ್ಟ 7 ಕಿಲೋ. ಇದಕ್ಕಿಂತ ಬಹಳ ಹೆಚ್ಚು ಕಡಿತ ಕೇಳಿದರೆ ಯಾವ ಬಾಬ್ತಿಗೆ ಎಂದು ವಿಚಾರಿಸಬೇಕು. ತೇವಾಂಶ ಅಳೆಯುವಾಗ ರೈತನು ಎದುರಿಗೇ ನಿಲ್ಲಬೇಕು.

3. ಹರಾಜು: ಪ್ರತಿ ರಾಶಿಗೂ ಲಾಟ್ ಸಂಖ್ಯೆ ಇರುತ್ತದೆ. 2014ರಿಂದ ರಾಜ್ಯದ ಮಾರುಕಟ್ಟೆಗಳಲ್ಲಿ ಗಣಕಯಂತ್ರದ ಮೂಲಕ ಟೆಂಡರ್ ಪದ್ಧತಿ ಜಾರಿಗೆ ಬಂದಿದೆ. ತನ್ನ ಲಾಟಿಗೆ ಎಷ್ಟು ಜನ ದರ ಬರೆದರು, ಅತಿ ಹೆಚ್ಚು ದರ ಎಷ್ಟು ಎಂಬುದನ್ನು ಕೇಳಿ ತಿಳಿಯಬೇಕು. ದರ ಒಪ್ಪಿಗೆಯಾಗದಿದ್ದರೆ ಮಾರಾಟ ನಿರಾಕರಿಸುವ ಹಕ್ಕು ರೈತನಿಗಿದೆ.

4. ತೂಕ ಮತ್ತು ಚೀಟಿ: ಮಾರುಕಟ್ಟೆ ಶುಲ್ಕವನ್ನೂ ದಲಾಲಿಯ ಕಮಿಷನ್ನನ್ನೂ ಕೊಡಬೇಕಾದವನು ಖರೀದಿದಾರನು, ರೈತನಲ್ಲ. ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟರೆ ಒಪ್ಪಬಾರದು. ಅಧಿಕೃತ ಪಟ್ಟಿಯನ್ನೇ ಕೇಳಿ ಪಡೆಯಬೇಕು. ಬಿಳಿ ಚೀಟಿ ಹಿಡಿದು ಬಂದವನ ದೂರಿಗೆ ಆಧಾರವಿರುವುದಿಲ್ಲ.

ಗ್ರಾಮಸೇವಕರಿಗೆ ಸೂಚನೆ

ವಿಸ್ತರಣಾ ಕಾರ್ಯಕರ್ತರು ಸುಗ್ಗಿಗೆ ಮೊದಲು ಹತ್ತು ಹದಿನೈದು ರೈತರನ್ನು ಜೊತೆಗೂಡಿಸಿ ಮಾರುಕಟ್ಟೆ ದರ್ಶನ ಏರ್ಪಡಿಸಬಹುದು. ಬೆಳಿಗ್ಗೆ ಮಾಲು ಇಳಿಯುವಾಗ ಹೋಗಿ, ಹರಾಜು ಮತ್ತು ತೂಕ ಮುಗಿಯುವವರೆಗೆ ಇದ್ದು, ಒಂದು ಲಾಟಿನ ಲೆಕ್ಕವನ್ನಾದರೂ ಮೊದಲಿನಿಂದ ಕೊನೆಯವರೆಗೆ ಬರೆದುಕೊಳ್ಳಲಿ. ಹೆಣ್ಣುಮಕ್ಕಳನ್ನೂ ಕರೆದೊಯ್ಯಬೇಕು, ಒಣಗಿಸುವ, ವಿಂಗಡಿಸುವ ಕೆಲಸ ಹೆಚ್ಚಾಗಿ ಅವರದೇ.

ಮರೆಯಲ್ಲಿದ್ದ ದರ ಬಯಲಿಗೆ ಬರಲು ಬಹುಕಾಲ ಹಿಡಿಯಿತು. ಅದನ್ನು ನೋಡಲು ರೈತನೇ ಬಾರದಿದ್ದರೆ ಬಟ್ಟೆ ಮತ್ತೆ ಮುಚ್ಚಿಕೊಳ್ಳುತ್ತದೆ.